ಎಸೆಯುವ ಕಟ್ಟೆಯೂ ನೆರೆಯವರ ಕ್ಷೇಮವೂ



ಶಾಲೆಯ ಕ್ರೀಡೋತ್ಸವದಲ್ಲಿ ಚಕ್ರ ಎಸೆತದ ಪಂದ್ಯವು ನಡೆಯುತ್ತಿದ್ದದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಸುಣ್ಣದ ಗೆರೆ ಎಳೆದಾದ ಕೂಡಲೆ ಆಟದ ಉಪಾಧ್ಯಾಯಿನಿಯವರು ಮಾಡಿಸುತ್ತಿದ್ದ ಮೊದಲನೆಯ ಕೆಲಸವು ಎರಡು ಮಗ್ಗುಲಲ್ಲಿಯೂ ಗೂಟ ಹೊಡೆದು ಹಗ್ಗ ಕಟ್ಟುವದು. ಹತ್ತಿರದಿಂದ ನೋಡಬೇಕೆಂಬ ಆಸೆಯಿಂದ ನಾವು ಹಗ್ಗವನ್ನು ದೂಡಿಕೊಂಡು ಮುಂದೆ ಬಂದರೆ ನಮಗೆ ಸಿಕ್ಕುವ ಬಹುಮಾನವು ಗದರಿಕೆಯೇ. ಎಸೆಯುವವಳು ಎಷ್ಟು ಬಲ್ಲವಳಾದರೂ, ಕೈಯಿಂದ ಜಾರಿದ ಚಕ್ರವು ಯಾರ ಮಾತನ್ನೂ ಕೇಳುವದಿಲ್ಲವೆಂದು ಅವರು ಹೇಳುತ್ತಿದ್ದರು. ಆಗ ಆ ಮಾತು ನಮಗೆ ಬೇಸರವಾಗಿ ತೋರುತ್ತಿತ್ತು. ಅದರ ಅರ್ಥವು ನನಗೆ ಚೆನ್ನಾಗಿ ತಿಳಿದದ್ದು ಬಹಳ ವರ್ಷಗಳ ತರುವಾಯ, ಪರದೇಶದ ಒಂದು ಉದ್ಯಾನದಲ್ಲಿ.

ಅಮೇರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಸಾಯಂಕಾಲ ಮೊಮ್ಮಗಳ ಕೈಹಿಡಿದುಕೊಂಡು ಅಲ್ಲಿಯ ಉದ್ಯಾನದಲ್ಲಿ ತಿರುಗಾಡುವದು ನನ್ನ ವಾಡಿಕೆಯಾಗಿತ್ತು. ಒಂದು ದಿನ ಪೊದೆಗಳ ಮರೆಯಲ್ಲಿ ಬಳಸಿಹೋಗುವ ಕಾಲುದಾರಿಯಲ್ಲಿ ನಾವು ನಡೆಯುತ್ತಿರುವಾಗ, ಸುಯ್ಯೆಂಬ ಸದ್ದಿನೊಡನೆ ಒಂದು ತಟ್ಟೆಯು ಪೊದೆಯ ಮೇಲಿನಿಂದ ಹಾರಿಬಂದು ಮಗುವಿನ ಮುಂದೆ ಮೂರು ಹೆಜ್ಜೆಯಷ್ಟರಲ್ಲಿ ನೆಲಕ್ಕೆ ಬಡಿಯಿತು. ಒಂದು ಗಳಿಗೆಯ ಮೇಲೆ ಎಸೆದ ಹುಡುಗನು ಮುಖ ಬಿಳಿಚಿಕೊಂಡು ಓಡಿಬಂದನು. ಕ್ಷಮಿಸಬೇಕೆಂದು ಪದೇಪದೇ ಬೇಡಿಕೊಂಡನು. ನನಗೋ ಅಡಗಿಸಲಾರದಷ್ಟು ಸಿಟ್ಟು ಬಂದಿತ್ತು. ಆದರೆ ಮರುದಿನ ಅವನು ನಿಂತಿದ್ದ ಸ್ಥಳಕ್ಕೆ ಹೋಗಿ ನಿಂತು ನೋಡಿದಾಗ ನನ್ನ ಸಿಟ್ಟು ಬೇರೆ ಕಡೆಗೆ ತಿರುಗಿತು. ಅಲ್ಲಿಂದ ಪೊದೆಗಳೂ ಅವುಗಳಾಚೆಯ ಬುಟ್ಟಿಯೂ ಕಾಣುತ್ತವೆಯೇ ಹೊರತು ಕಾಲುದಾರಿಯು ಕಾಣುವದೇ ಇಲ್ಲ. ಹುಡುಗನು ಕಣ್ಣಿದ್ದೂ ಕುರುಡನಾಗಿದ್ದನು. ಅವನನ್ನು ಕುರುಡನನ್ನಾಗಿ ಮಾಡಿದ್ದು ಆ ಕಟ್ಟೆಯನ್ನು ಅಲ್ಲಿ ಹಾಕಿದ ಕೈ. ಅಂದಿನಿಂದ ಈ ಆಟದ ವಿಷಯವನ್ನು ನಾನು ಆಸಕ್ತಿಯಿಂದ ವಿಚಾರಿಸಿ ತಿಳಿದುಕೊಂಡೆನು. ಅದರಲ್ಲಿ ನಮ್ಮ ಶಾಲೆಗಳ ಬಯಲುಗಳಿಗೂ ಒಂದು ಪಾಠ ಉಂಟೆಂದು ತೋರುವದರಿಂದ ಇಲ್ಲಿ ಬರೆಯಲು ಧೈರ್ಯಗೊಂಡಿದ್ದೇನೆ.

ಈ ಆಟದ ಹೆಸರು ಡಿಸ್ಕ್ ಗಾಲ್ಫ್. ಗಾಲ್ಫ್ ಆಟದಲ್ಲಿ ಚೆಂಡನ್ನು ಕೋಲಿನಿಂದ ಹೊಡೆದು ಕುಳಿಗೆ ಸೇರಿಸುವಂತೆ, ಇದರಲ್ಲಿ ತಟ್ಟೆಯನ್ನು ಕೈಯಿಂದ ಎಸೆದು ಬುಟ್ಟಿಗೆ ಸೇರಿಸಬೇಕು. ಕಂಬವೊಂದಕ್ಕೆ ಬುಟ್ಟಿಯನ್ನು ಜೋಡಿಸಿ ಅದರ ಮೇಲೆ ಸರಪಣಿಗಳನ್ನು ಇಳಿಬಿಟ್ಟಿರುತ್ತಾರೆ. ತಟ್ಟೆಯು ಸರಪಣಿಗೆ ತಾಗಿ ವೇಗವನ್ನು ಕಳಕೊಂಡು ಬುಟ್ಟಿಯೊಳಗೆ ಬೀಳುವದು. ಸಾಮಾನ್ಯವಾಗಿ ಒಂದು ಬಯಲಿನಲ್ಲಿ ಇಂಥ 9 ಇಲ್ಲವೆ 18 ಬುಟ್ಟಿಗಳಿರುವವು. ಎಲ್ಲಾ ಬುಟ್ಟಿಗಳನ್ನು ಕಡಿಮೆ ಎಸೆತಗಳಲ್ಲಿ ಮುಗಿಸಿದವನೇ ಗೆದ್ದವನು. ಪ್ರತಿಯೊಂದು ಬುಟ್ಟಿಗೂ ಮೊದಲನೆಯ ಎಸೆತವನ್ನು ಎಸೆಯಲಿಕ್ಕೆ ಗೊತ್ತುಮಾಡಿದ ಒಂದು ಸ್ಥಳ ಉಂಟು. ಆಟಗಾರರು ಅದನ್ನು ಟೀ ಎನ್ನುತ್ತಾರೆ. ನಾವು ಕಟ್ಟೆಯೆಂದು ಕರೆಯೋಣ.

ತಟ್ಟೆಯ ಚರಿತ್ರೆಯು ಸ್ವಾರಸ್ಯವಾದದ್ದು. ಕನೆಟಿಕಟ್ ಸೀಮೆಯ ಬ್ರಿಜ್‌ಪೋರ್ಟ್ ಪಟ್ಟಣದಲ್ಲಿ ಫ್ರಿಸ್ಬೀ ಎಂಬ ಹೆಸರಿನ ತಿಂಡಿಯ ಕಾರಖಾನೆಯೊಂದಿತ್ತು. ಅದರ ತಗಡಿನ ತಟ್ಟೆಗಳನ್ನು ವಿದ್ಯಾರ್ಥಿಗಳು ಎಸೆದಾಡುತ್ತಿದ್ದರೆಂದೂ ಆಟಿಕೆಗೆ ಆ ಹೆಸರು ಬಂದದ್ದು ಅದರಿಂದಲೇ ಎಂದೂ ಹೇಳುತ್ತಾರೆ. ಫ್ರೆಡ್ ಮಾರಿಸನ್ ಎಂಬವರು ರೂಪಿಸಿದ ಪ್ಲಾಸ್ಟಿಕ್ ತಟ್ಟೆಯನ್ನು ವ್ಹಾಮ್-ಓ ಎಂಬ ಕಂಪೆನಿಯು 1957ರಲ್ಲಿ ಮಾರಾಟಕ್ಕೆ ತಂದಿತು. ಅದೇ ಕಂಪೆನಿಯ ಎಡ್ ಹೆಡ್ರಿಕ್ ಎಂಬವರು ತಟ್ಟೆಯ ಬೆನ್ನಿನ ಮೇಲೆ ಗೆರೆಗಳನ್ನು ಮೂಡಿಸಿ, ಅದು ಅಲುಗದೆ ನೆಟ್ಟಗೆ ಹಾರುವಂತೆ ಮಾಡಿ 1967ರಲ್ಲಿ ಹಕ್ಕುಪತ್ರವನ್ನು ಪಡೆದರು. ಇವರೇ 1975ರಲ್ಲಿ ಕ್ಯಾಲಿಫೋರ್ನಿಯಾದ ಪಾಸಡೀನಾ ಬಳಿಯ ಓಕ್ ಗ್ರೋವ್ ಉದ್ಯಾನದಲ್ಲಿ ಈ ಆಟಕ್ಕೆ ಸ್ಥಿರವಾದ ಮೊದಲನೆಯ ಬಯಲನ್ನು ಏರ್ಪಡಿಸಿದರು. ಆಗ ಬುಟ್ಟಿಗಳಿರಲಿಲ್ಲ, ಬರಿಯ ಕಂಬಗಳಿದ್ದವು. ತಟ್ಟೆಯು ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ವಾದವನ್ನು ತೀರಿಸಲಿಕ್ಕೆ ಸರಪಣಿಯ ಬುಟ್ಟಿಯು ಹುಟ್ಟಿತು. ಅದರ ಹಕ್ಕುಪತ್ರವು 1977ರದು. ನಡುವೆ 1976ರಲ್ಲಿ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್ ಎಂಬ ಸಂಘವೂ ಸ್ಥಾಪಿತವಾಯಿತು. ಇಂದು ಲೋಕದಲ್ಲಿ ಇಂಥ ಬಯಲುಗಳು ಹತ್ತು ಸಾವಿರಕ್ಕೂ ಮಿಕ್ಕಿ ಇವೆ.

ಇವುಗಳಲ್ಲಿ ಬಹಳಷ್ಟು ಸಾರ್ವಜನಿಕ ಉದ್ಯಾನಗಳಲ್ಲಿಯೇ ಇರುವವು. ಅನೇಕ ಕಡೆಗಳಲ್ಲಿ ಆಡುವದಕ್ಕೆ ಹಣ ಕೊಡಬೇಕಾಗಿಲ್ಲ. ಬಡವನ ಮಗನೂ ಒಂದೇ ತಟ್ಟೆಯನ್ನು ಹಿಡಿದು ಆಡಬಹುದು. ಇದು ಈ ಆಟದ ಹಿರಿಮೆ, ಇದೇ ಅದರ ತೊಡಕು. ಯಾಕಂದರೆ ಆ ಉದ್ಯಾನಕ್ಕೆ ಆಟಗಾರರಷ್ಟೇ ಅಲ್ಲ, ಕೂಸಿನ ಗಾಡಿಯನ್ನು ತಳ್ಳುವ ತಾಯಂದಿರೂ ಕೋಲೂರಿ ನಡೆಯುವ ಮುದುಕರೂ ಬರುವರು. ಆಟವು ನಡೆಯುತ್ತಿದೆಯೆಂಬದೇ ಅವರಲ್ಲಿ ಅನೇಕರಿಗೆ ತಿಳಿದಿರುವದಿಲ್ಲ.

ಪ್ಲಾಸ್ಟಿಕ್ ತಟ್ಟೆಯಿಂದ ಏನು ಅಪಾಯವೆಂದು ಕೆಲವರು ಕೇಳಬಹುದು. ಕಡಲತೀರದಲ್ಲಿ ಮಕ್ಕಳು ಹಿಡಿದಾಡುವ ಹಗುರವಾದ ತಟ್ಟೆಯೇ ಬೇರೆ, ಈ ಆಟದ ತಟ್ಟೆಯೇ ಬೇರೆ. ಸಂಘದ ನಿಯಮದಂತೆ ತಟ್ಟೆಯ ಅಡ್ಡಳತೆಯು 21 ಸೆಂಟಿಮೀಟರಿಗೆ ಕಡಿಮೆ ಇರಕೂಡದು. ಪ್ರತಿ ಸೆಂಟಿಮೀಟರಿಗೆ 8.3 ಗ್ರಾಮಿನವರೆಗೆ ತೂಕವಿರಬಹುದು. ಹೀಗೆ 21 ಸೆಂಟಿಮೀಟರಿನ ತಟ್ಟೆಯು ಸುಮಾರು 174 ಗ್ರಾಮ್ ತೂಗಬಹುದು. ಗಂಡಸರು ಆಡುವ ಕ್ರಿಕೆಟ್ ಚೆಂಡಿನ ತೂಕವು ಹೆಚ್ಚೆಂದರೆ 163 ಗ್ರಾಮ್. ನುರಿತವರು ಎಸೆದ ತಟ್ಟೆಯು ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ವೇಗದಿಂದ ಹೊರಡುವದು. ಕ್ರಿಕೆಟ್ ಚೆಂಡಿಗಿಂತ ಭಾರವಾದ, ಗಟ್ಟಿ ಅಂಚುಳ್ಳ ಒಂದು ವಸ್ತುವು ಆ ವೇಗದಲ್ಲಿ ಮಗುವಿನ ಮುಖಕ್ಕೆ ಬಡಿದರೆ ಏನಾಗುವದೆಂದು ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅಪಾಯವನ್ನು ತಡೆಯುವ ಬಗೆ ಯಾವದು? ಬುಟ್ಟಿಯನ್ನು ಸರಿಸಬಹುದು, ಬೇಲಿ ಹಾಕಬಹುದು, ಫಲಕಗಳನ್ನು ನೆಡಬಹುದು. ಆದರೆ ಎಲ್ಲಕ್ಕಿಂತ ಮೇಲಾದದ್ದು ಕಟ್ಟೆಯನ್ನು ತಕ್ಕ ಸ್ಥಳದಲ್ಲಿ ಹಾಕುವದು. ಇದಕ್ಕೆ ಕಾರಣ ಉಂಟು. ಎರಡನೆಯ ಎಸೆತವನ್ನು ಆಟಗಾರನು ತನ್ನ ತಟ್ಟೆಯು ಬಿದ್ದಲ್ಲಿಂದ ಎಸೆಯುವನು. ಅದು ಎಲ್ಲಿ ಬೀಳುವದೋ ಯಾರೂ ಮುಂದಾಗಿ ಹೇಳಲಾರರು. ಮೊದಲನೆಯ ಎಸೆತವನ್ನಾದರೋ ಎಲ್ಲರೂ ಒಂದೇ ಕಟ್ಟೆಯಿಂದ ಎಸೆಯುವರು, ಮತ್ತು ಸಾಮಾನ್ಯವಾಗಿ ಅದೇ ಅತಿ ವೇಗದ ಎಸೆತ. ಆಟಗಾರನ ಕಾಲು ಎಲ್ಲಿರಬೇಕು, ಮುಖ ಯಾವ ಕಡೆಗಿರಬೇಕು, ಕಣ್ಣಿಗೆ ಏನು ಕಾಣಬೇಕು ಎಂಬದೆಲ್ಲವೂ ಬಯಲನ್ನು ಏರ್ಪಡಿಸುವವನ ಕೈಯಲ್ಲಿರುವದು ಆ ಒಂದೇ ಸ್ಥಳದಲ್ಲಿ.

ಇನ್ನು ತಟ್ಟೆಯ ನಡತೆಯನ್ನು ಸ್ವಲ್ಪ ತಿಳಿಯಬೇಕು. ಅದು ಬುಗುರಿಯಂತೆ ತಿರುಗುತ್ತಾ ಹಾರುವದು. ತಿರುಗುವ ಬುಗುರಿಯನ್ನು ಒಂದು ಕಡೆಗೆ ತಳ್ಳಿದರೆ ಅದು ಆ ಕಡೆಗೆ ಬೀಳದೆ ಮಗ್ಗುಲಿಗೆ ವಾಲುವದನ್ನು ನಾವು ಕಂಡಿದ್ದೇವೆ. ತಟ್ಟೆಯ ವೇಗವು ಕುಂದಿದಾಗ ಗಾಳಿಯು ಅದರ ಮುಂದಿನ ಅಂಚನ್ನು ಮೇಲಕ್ಕೆತ್ತಲು ನೋಡುವದು. ತಟ್ಟೆಯು ಹಿಂದಕ್ಕೆ ಬಾಗುವ ಬದಲು ಪಕ್ಕಕ್ಕೆ ವಾಲುವದು. ಬಲಗೈಯವನು ಎದೆಯ ಮುಂದಿನಿಂದ ಕೈ ಬೀಸಿ ಎಸೆದ ತಟ್ಟೆಯು ಕಡೆಯಲ್ಲಿ ಎಡಕ್ಕೆ ಸರಿದು ಬೀಳುವದು ಇದರಿಂದಲೇ. ಎಡಗೈಯವನು ಹಾಗೆ ಎಸೆದದ್ದೂ, ಬಲಗೈಯವನು ಅಂಗೈಯನ್ನು ಮುಂದುಮಾಡಿ ಪಕ್ಕದಿಂದ ಎಸೆದದ್ದೂ ಬಲಕ್ಕೆ ಸರಿಯುವವು. ಎದುರುಗಾಳಿಯಿದ್ದರೆ ಬಲಗೈಯವನ ತಟ್ಟೆಯು ಮೊದಲು ಬಲಕ್ಕೆ ಹೊರಳುವದು ಹೆಚ್ಚು. ಹಿಂದಿನಿಂದ ಬೀಸುವ ಗಾಳಿಯಲ್ಲಿ ಬೇಗನೆ ಎಡಕ್ಕೆ ಇಳಿಯುವದು. ಬಲಗೈಯವರೇ ಬಹುಮಂದಿ ಇರುವದರಿಂದ ಎಡಮಗ್ಗುಲಿಗೆ ಹೆಚ್ಚು ಸ್ಥಳವನ್ನು ಬಿಡಬೇಕು. ಆದರೆ ಬಲಮಗ್ಗುಲನ್ನು ಮರೆಯುವದು ಸಲ್ಲದು.

ಇದಲ್ಲದೆ ತಪ್ಪಿದ ಎಸೆತವು ದೂರ ಹೋದಷ್ಟೂ ಹೆಚ್ಚು ತಪ್ಪುವದು. ನೇರವಾದ ದಾರಿಯಿಂದ 15 ಡಿಗ್ರಿಯಷ್ಟು ಓರೆಯಾಗಿ ಹೊರಟ ತಟ್ಟೆಯು 30 ಮೀಟರಿನಲ್ಲಿ ಸುಮಾರು 8 ಮೀಟರು, 60 ಮೀಟರಿನಲ್ಲಿ 16 ಮೀಟರು, 90 ಮೀಟರಿನಲ್ಲಿ 24 ಮೀಟರು ದಾರಿಯನ್ನು ಬಿಟ್ಟಿರುವದು. ಆದಕಾರಣ ಕಟ್ಟೆಯ ಮುಂದಿನ ಸ್ಥಳವನ್ನು ಓಣಿಯಂತೆ ಎಣಿಸಬಾರದು, ಮೊರದಂತೆ ಎಣಿಸಬೇಕು. ಹಿಡಿಯುವ ಕಡೆಯಲ್ಲಿ ಕಿರಿದು, ಕೇರುವ ಕಡೆಯಲ್ಲಿ ಅಗಲ. ನಮ್ಮ ಚಕ್ರ ಎಸೆತಕ್ಕೂ ಇದೇ ಲೆಕ್ಕ. ಅಲ್ಲಿ ಎಸೆಯುವ ವೃತ್ತದ ಅಡ್ಡಳತೆ ಎರಡೂವರೆ ಮೀಟರು. ಚಕ್ರವು ಬೀಳಬೇಕಾದ ಸ್ಥಳವು 34.92 ಡಿಗ್ರಿಯಷ್ಟು ಬಾಯಿ ತೆರೆದುಕೊಂಡಿರುವದು.

ಇವಿಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಟ್ಟೆಯ ನಿಯಮಗಳು ತಾವಾಗಿಯೇ ಹೊಳೆಯುವವು.

ಮೊದಲನೆಯದು ಕಾಲಿನ ನೆಲೆ. ಎಸೆಯುವವನು ನಾಲ್ಕು ಹೆಜ್ಜೆ ಓಡಿಬಂದು ಸೊಂಟವನ್ನು ತಿರುಗಿಸಿ ಎಸೆಯುವನು. ಆ ಗಳಿಗೆಯಲ್ಲಿ ಕಾಲು ಜಾರಿದರೆ ಆತನ ಮೊಣಕಾಲಿಗೂ ಕೇಡು, ತಟ್ಟೆಯ ದಾರಿಗೂ ಕೇಡು. ಆದದರಿಂದ ಬಹಳ ಕಡೆಗಳಲ್ಲಿ ಸುಮಾರು 5 ಅಡಿ ಅಗಲ 12 ಅಡಿ ಉದ್ದದ ಕಾಂಕ್ರೀಟು ಕಟ್ಟೆಯನ್ನು ಹಾಕಿ, ಹಸಿಯಿರುವಾಗಲೇ ಅದರ ಮೇಲೆ ಪೊರಕೆಯನ್ನೆಳೆದು ಒರಟುಮಾಡುವರು. ಮಳೆಯ ನೀರು ಅದರ ಮೇಲೆ ನಿಲ್ಲಬಾರದು. ಎಸೆದ ರಭಸಕ್ಕೆ ಕಾಲು ಮುಂದಕ್ಕೆ ಹೋಗುವದರಿಂದ ಕಟ್ಟೆಯ ಮುಂದೆ ಹಳ್ಳವಾಗಲಿ ಬೇರಾಗಲಿ ಕಲ್ಲಾಗಲಿ ಇರಕೂಡದು.

ಎರಡನೆಯದು ಕಣ್ಣಿನ ನೆಲೆ. ತಟ್ಟೆಯು ಬೀಳಬಹುದಾದ ಸ್ಥಳವೆಲ್ಲವೂ, ಅದಕ್ಕೆ ಅಡ್ಡಬರಬಹುದಾದ ಕಾಲುದಾರಿಯೂ ಕಟ್ಟೆಯಿಂದ ಕಾಣಬೇಕು. ಬುಟ್ಟಿ ಕಾಣದಿದ್ದರೂ ಸಹಿಸಬಹುದು. ಮನುಷ್ಯರು ಕಾಣದಿದ್ದರೆ ಸಹಿಸಲಾಗದು. ದಿಣ್ಣೆಯ ಮರೆಯಿಂದ ಎಸೆಯುವದು ಅನಿವಾರ್ಯವಾದ ಕೆಲವು ಕಡೆಗಳಲ್ಲಿ ಗಂಟೆಯನ್ನು ತೂಗಹಾಕಿ, ಮುಂದೆ ಹೋದವರು ದಾರಿ ತೆರವಾಯಿತೆಂದು ಬಾರಿಸುವ ಏರ್ಪಾಡು ಉಂಟು. ಆದರೆ ತಿರುಗಾಡಲು ಬಂದ ಹೆಂಗಸಿಗೆ ಆ ಗಂಟೆಯ ಸಂಗತಿ ತಿಳಿಯದು. ಕಟ್ಟೆಯನ್ನೇ ಮುಂದಕ್ಕೆ ತರುವದು ಅದಕ್ಕಿಂತ ಲೇಸು.

ಮೂರನೆಯದು ಕಟ್ಟೆಯ ಮುಖ. ರಸ್ತೆ, ಮನೆ, ಮಕ್ಕಳ ಉಯ್ಯಾಲೆ ಇವುಗಳಿಗೆ ಕಟ್ಟೆಯ ಬೆನ್ನು ತಿರುಗಿರಬೇಕು. ಅದು ಸಾಧ್ಯವಾಗದಿದ್ದರೆ, ತಪ್ಪಿದ ತಟ್ಟೆಯು ಬರಿದಾದ ನೆಲಕ್ಕೆ ಬೀಳುವಂತೆ ಮುಖವನ್ನು ಓರೆಮಾಡಬೇಕು. ಜನರು ನಡೆಯುವ ದಾರಿಯ ಮೇಲೆ ಹಾಯ್ದು ಎಸೆಯುವಂತೆ ಎಂದೂ ಕಟ್ಟೆಯನ್ನು ಹಾಕಬಾರದು. ಎಲ್ಲರೂ ಸರಿಯಾಗಿ ಎಸೆದರೆ ಏನೂ ಆಗುವದಿಲ್ಲವೆಂಬ ಉತ್ತರವು ಸಲ್ಲದು. ಏರ್ಪಾಡು ಬೇಕಾಗಿರುವದು ತಪ್ಪಿ ಎಸೆಯುವವನ ಸಲುವಾಗಿಯೇ.

ನಾಲ್ಕನೆಯದನ್ನು ಹೊಸಬರು ಬಹಳವಾಗಿ ಮರೆಯುವರು. ಒಂದು ಬುಟ್ಟಿಯನ್ನು ಮುಗಿಸಿದವರು ಮುಂದಿನ ಕಟ್ಟೆಗೆ ನಡೆಯಬೇಕು. ನಡಿಗೆ ಕಡಿಮೆಯಾಗಲೆಂದು ಆ ಕಟ್ಟೆಯನ್ನು ಬುಟ್ಟಿಯ ಹಿಂದುಗಡೆಯಲ್ಲಿಯೇ ಹಾಕಿದರೆ, ಹಿಂದಿನ ಗುಂಪಿನವರು ಎಸೆದು ಬುಟ್ಟಿಯನ್ನು ಮೀರಿದ ತಟ್ಟೆಗಳೆಲ್ಲವೂ ಅಲ್ಲಿ ನಿಂತವರ ಬೆನ್ನಿಗೆ ಬರುವವು. ಅವರ ಲಕ್ಷ್ಯವು ಮುಂದಿನ ಎಸೆತದ ಮೇಲಿರುವದರಿಂದ ಹಿಂದಿರುಗಿ ನೋಡುವದೂ ಇಲ್ಲ. ಹತ್ತಿರವಿರಲಿ, ಆದರೆ ಪಕ್ಕಕ್ಕಿರಲಿ. ನಡುವೆ ದಪ್ಪವಾದ ಮರಗಳ ಸಾಲಿದ್ದರೆ ಇನ್ನೂ ಒಳ್ಳೇದು. ಸರದಿಗಾಗಿ ಕಾಯುವವರ ಬೆಂಚಿಗೂ ಇದೇ ಮಾತು. ಅದು ಕಟ್ಟೆಯ ಹಿಂದೆ ಇರಬೇಕು. ಕಟ್ಟೆಯ ಮುಂದೆಯೇ ಮರವೊಂದಿದ್ದರೆ, ತಟ್ಟೆಯು ಕಾಂಡಕ್ಕೆ ಬಡಿದು ಪಕ್ಕದಲ್ಲಿ ನಿಂತ ಸಂಗಡಿಗರ ಕಡೆಗೆ ಸಿಡಿಯುವದುಂಟು.

ಐದನೆಯದು, ಬಲಕ್ಕೆ ತಕ್ಕ ಕಟ್ಟೆ. ಹೊಸಬನ ತಟ್ಟೆಯು ದೂರ ಹೋಗದಿದ್ದರೂ ಯಾವ ಕಡೆಗೆ ಹೋಗುವದೆಂದು ಹೇಳಲಾಗದು. ನುರಿತವನದು ನೇರವಾಗಿ ಹೋದರೂ ಬಹು ದೂರ ಹೋಗುವದು. ಆದಕಾರಣ ಒಳ್ಳೆಯ ಬಯಲುಗಳಲ್ಲಿ ಒಂದೇ ಬುಟ್ಟಿಗೆ ಎರಡು ಮೂರು ಕಟ್ಟೆಗಳಿದ್ದು, ಬಣ್ಣಗಳಿಂದ ಗುರುತು ಮಾಡಿರುವರು. ಮಕ್ಕಳೂ ಹೊಸಬರೂ ಹತ್ತಿರದ ಕಟ್ಟೆಯಿಂದ ಎಸೆಯುವರು.

ಈ ಐದನ್ನೂ ಒಮ್ಮೆ ನಡಿಸಿಬಿಟ್ಟರೆ ಕೆಲಸವು ತೀರಿತೆಂದು ತಿಳಿಯಬಾರದು. 1983ರಲ್ಲಿ ಡೇವ್ ಡುನಿಪೇಸ್ ಎಂಬವರು ಅಂಚನ್ನು ಓರೆಯಾಗಿ ಸವರಿದ ಹೊಸ ತರದ ತಟ್ಟೆಯನ್ನು ರೂಪಿಸಿದರು. ಅದು ಗಾಳಿಯನ್ನು ಸೀಳಿಕೊಂಡು ಮುಂಚಿನ ತಟ್ಟೆಗಳಿಗಿಂತ ಎಷ್ಟೋ ದೂರ ಹಾರಿತು. ಆ ಜಾತಿಯ ತಟ್ಟೆಯನ್ನು 2016ರಲ್ಲಿ ನೆವಾಡಾದ ಮರುಭೂಮಿಯಲ್ಲಿ ಡೇವಿಡ್ ವಿಗಿನ್ಸ್ ಎಂಬ ತರುಣನು ಬಲವಾದ ಗಾಳಿಯ ಸಹಾಯದಿಂದ 338 ಮೀಟರು ಎಸೆದನು. ಸಾಮಾನ್ಯ ಆಟಗಾರರು ಅದರ ಅರ್ಧವನ್ನೂ ಮುಟ್ಟಲಾರರು ನಿಜ. ಆದರೆ ಹಳೆಯ ತಟ್ಟೆಗೆಂದು ಅಳೆದು ಹಾಕಿದ ಕಟ್ಟೆಯು ಹೊಸ ತಟ್ಟೆಗೆ ಸಾಲದು. ಕಟ್ಟೆಯು ಇದ್ದಲ್ಲಿಯೇ ಇರುವದು, ಅದರ ಮುಂದಿನ ಅಪಾಯವು ಬೆಳೆಯುವದು. ಪೊದೆಗಳೂ ಬೆಳೆಯುವವು, ಹೊಸ ಕಾಲುದಾರಿಗಳೂ ಹುಟ್ಟುವವು. ಆದದರಿಂದ ವರುಷಕ್ಕೊಮ್ಮೆಯಾದರೂ ಪ್ರತಿಯೊಂದು ಕಟ್ಟೆಯ ಮೇಲೆ ನಿಂತು ಹೊಸ ಕಣ್ಣಿನಿಂದ ನೋಡಬೇಕು. ಸವೆದ ಹುಲ್ಲನ್ನೂ ಮರದ ಮೇಲಿನ ಗಾಯಗಳನ್ನೂ ನೋಡಿದರೆ ತಟ್ಟೆಗಳು ನಿಜವಾಗಿ ಎಲ್ಲಿಗೆ ಹೋಗುತ್ತವೆಂಬದು ತಿಳಿಯುವದು.

ಆಟಗಾರನಿಗೆ ಹೊಣೆಯಿಲ್ಲವೆಂದು ನಾನು ಹೇಳುವದಿಲ್ಲ. ಯಾರಿಗಾದರೂ ಪೆಟ್ಟಾಗುವ ಸಂಭವವಿದ್ದರೆ ಎಸೆಯಕೂಡದೆಂಬದು ಆಟದ ನಿಯಮಗಳಲ್ಲಿಯೇ ಉಂಟು. ದಾರಿ ತಪ್ಪಿದ ತಟ್ಟೆಯನ್ನು ಕಂಡ ಕೂಡಲೆ ಫೋರ್ ಎಂದು ಗಟ್ಟಿಯಾಗಿ ಕೂಗುವದು ವಾಡಿಕೆ. ಕೆಲವು ಮರಗಳಿಗೆ ಬಾಣದ ಗುರುತು ಹಾಕಿ, ತಟ್ಟೆಯು ಅದರ ಇಂಥ ಪಕ್ಕದಿಂದಲೇ ಹಾಯಬೇಕೆಂದು ಕಟ್ಟುಮಾಡಿ, ಮೀರಿದವನಿಗೆ ಒಂದು ಎಸೆತದ ದಂಡ ಹಾಕುವರು. ಇವೆಲ್ಲವೂ ಬೇಕಾದವುಗಳೇ. ಆದರೆ ಇವು ಕಟ್ಟೆಯ ತಪ್ಪಿಗೆ ಪ್ರಾಯಶ್ಚಿತ್ತವಾಗಲಾರವು.

ಸತ್ಯವೇದದ ಧರ್ಮೋಪದೇಶಕಾಂಡದಲ್ಲಿ ಎರಡು ಕಟ್ಟಳೆಗಳಿವೆ. ಒಂದು, 19ನೆಯ ಅಧ್ಯಾಯದಲ್ಲಿ, ಮರ ಕಡಿಯುತ್ತಿರುವಾಗ ಕೊಡಲಿಯು ಕಾವಿನಿಂದ ಕಳಚಿ ನೆರೆಯವನಿಗೆ ತಗಲಿ ಅವನು ಸತ್ತರೆ, ಹಗೆಯಿಲ್ಲದೆ ಕೊಂದ ಆ ಮನುಷ್ಯನಿಗೆ ಆಶ್ರಯವನ್ನು ಕೊಡುವ ವಿಷಯ. ಇನ್ನೊಂದು, 22ನೆಯ ಅಧ್ಯಾಯದಲ್ಲಿ, ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಅಡ್ಡಗೋಡೆಯನ್ನು ಕಟ್ಟಬೇಕೆಂಬ ವಿಷಯ. ಮೊದಲನೆಯದು ಕೈತಪ್ಪಿದವನಿಗೆ ಕರುಣೆ. ಎರಡನೆಯದು ಕಟ್ಟುವವನಿಗೆ ಹೊಣೆ. ಮಾಳಿಗೆಯ ಮೇಲೆ ಎಚ್ಚರದಿಂದ ನಡೆಯಿರೆಂದು ಅತಿಥಿಗಳಿಗೆ ಹೇಳಿದರೆ ಸಾಕೆಂದು ಅಲ್ಲಿ ಇಲ್ಲ. ಬೀಳುವವನೊಬ್ಬನು ಇರುವನೆಂದು ಮುಂದಾಗಿ ಎಣಿಸಿ ಗೋಡೆಯನ್ನು ಕಟ್ಟಬೇಕು. ಉದ್ಯಾನದಲ್ಲಿ ಆ ಹುಡುಗನ ಮೇಲೆ ನಾನು ಮಾಡಿದ ಸಿಟ್ಟನ್ನು ನೆನಸುವಾಗ, ಕರುಣೆ ಸಲ್ಲಬೇಕಾದವನಿಗೆ ದಂಡನೆಯನ್ನೂ, ಹೊಣೆ ಹೊರಬೇಕಾದವರಿಗೆ ಮೌನವನ್ನೂ ಸಲ್ಲಿಸಿದೆನಲ್ಲಾ ಎಂದು ನಾಚುತ್ತೇನೆ.

ಆದರೂ ಮೌನವು ಬಹು ಕಾಲ ಉಳಿಯಲಿಲ್ಲ. ಅಲ್ಲಿ ತಿರುಗಾಡುವ ನಾಲ್ಕಾರು ಮಂದಿ ಸೇರಿ, ಉದ್ಯಾನದ ಮೇಲ್ವಿಚಾರಕರನ್ನು ಕರೆತಂದು ಆ ಕಟ್ಟೆಯ ಮೇಲೆ ನಿಲ್ಲಿಸಿ ನೋಡಿರೆಂದೆವು. ವಾದವೇನೂ ಬೇಕಾಗಲಿಲ್ಲ. ಕೆಲವು ವಾರಗಳಲ್ಲಿ ಕಟ್ಟೆಯನ್ನು ಸುಮಾರು ಮೂವತ್ತು ಹೆಜ್ಜೆ ಬಲಕ್ಕೆ ಸರಿಸಿ, ಮುಖವನ್ನು ತಿರುಗಿಸಿ ಹಾಕಿದರು. ಬುಟ್ಟಿಯನ್ನು ಕದಲಿಸಲಿಲ್ಲ, ಪೊದೆಗಳನ್ನು ಕಡಿಯಲಿಲ್ಲ. ಹುಡುಗರು ಮುಂಚಿನಷ್ಟೇ ಸಂತೋಷದಿಂದ ಆಡಿದರು. ನಾವು ಬೆದರದೆ ನಡೆದೆವು. ಆಟವನ್ನೇ ನಿಲ್ಲಿಸಿರೆಂದು ಕೂಗುವದು ಸುಲಭವಾಗಿತ್ತು. ಆದರೆ ಬೇಕಾಗಿದ್ದದ್ದು ಮೂವತ್ತು ಹೆಜ್ಜೆ ಮಾತ್ರ.

ಹೆತ್ತವರೇ, ನಮ್ಮ ಶಾಲೆಗಳಲ್ಲಿ ಡಿಸ್ಕ್ ಗಾಲ್ಫ್ ಇಲ್ಲದಿರಬಹುದು. ಚಕ್ರವೂ ಗುಂಡೂ ಈಟಿಯೂ ಇವೆ. ಕ್ರೀಡೋತ್ಸವಕ್ಕೆ ಬಂದಾಗ ನಿಮ್ಮ ಮಗಳು ಎಷ್ಟು ದೂರ ಎಸೆದಳೆಂದು ಕೇಳುವ ಮುಂಚೆ, ಎಸೆಯುವ ವೃತ್ತದ ಬಳಿ ಒಂದು ಗಳಿಗೆ ನಿಂತು ನೋಡಿರಿ. ಎದುರಿಗೆ ಏನಿದೆ? ಎಡಬಲಕ್ಕೆ ಯಾರು ಕೂತಿದ್ದಾರೆ? ನೀರಿನ ನಲ್ಲಿಗೆ ಹೋಗುವ ದಾರಿಯು ಎಲ್ಲಿ ಹಾಯುತ್ತದೆ? ಕಂಡದ್ದನ್ನು ಉಪಾಧ್ಯಾಯಿನಿಯವರಿಗೆ ಮೆಲ್ಲಗೆ ತಿಳಿಸಿರಿ; ಅವರು ಸಂತೋಷಪಡುವರು. ಹಳೆಯ ಸೋದರಿಯರೇ, ಅಂದು ನಾವು ದೂಡಿಕೊಂಡು ಬರುತ್ತಿದ್ದ ಆ ಹಗ್ಗವನ್ನು ಇಂದು ಕಟ್ಟಬೇಕಾದವರು ನಾವೇ.

— ಒಬ್ಬ ಹಳೆಯ ವಿದ್ಯಾರ್ಥಿನಿ